ರೊಟ್ಟಿ ಜೊತೆ ಶಾರ್ಕ್

ಊಟದ ಹೊತ್ತಲ್ಲಿ ಮೊಬೈಲ್ ಹಿಡಿಯೋರನ್ನ ಹೇಗೋ ಸಹಿಸಬಹುದು. ಅದನ್ನ ನಮ್ಮ ಮೂಗಿಗೇ ತಂದು ಹಿಡಿಯೋರನ್ನ ಏನು ಮಾಡಬೇಕು? ನಮ್ಮಣ್ಣನ ಮಗ ರಜೆಗೆ ಅಂತ ಕೊಪ್ಪಳಕ್ಕೆ ಬಂದಾಗಿನಿಂದ ನನಗೆ ಇದೇ ಕಾಟ. ಅವನ ಟೈಮಿಂಗ್ ಮಾತ್ರ ಮೆಚ್ಚಬೇಕು. ಅನ್ನ ಕಲಸುವಾಗ ಸುಮ್ನಿರ್ತಾನೆ. ನೀರು ಕುಡಿಯುವಾಗ ಸುಮ್ನಿರ್ತಾನೆ. ರೊಟ್ಟಿ ಮುರಿದು, ಎಣ್ಣೆಗಾಯಿ ಹಚ್ಚಿ, ತುತ್ತು ಬಾಯಿ ಹತ್ತಿರ ಬಂತೋ, "ಕಾಕಾ, ಇಲ್ಲಿ ನೋಡ್ರಿ!"

ನಿನ್ನೆ ರಾತ್ರಿ ತೋರಿಸಿದ್ದು ಐಸ್‌ಲ್ಯಾಂಡಿನ ಹಾಕರ್ಲ್ ಅನ್ನೋ ತಿನಿಸಿನ ವಿಡಿಯೋ. ಗ್ರೀನ್‌ಲ್ಯಾಂಡ್ ಶಾರ್ಕಿನ ಹಸಿ ಮಾಂಸ ವಿಷ. ಅದಕ್ಕೇ ಅದನ್ನ ಹೂತಿಟ್ಟು, ಆಮೇಲೆ ತಿಂಗಳುಗಟ್ಟಲೆ ತೂಗುಹಾಕಿ ಒಣಗಿಸಿ ತಿಂತಾರೆ. ಅಮೋನಿಯಾ ವಾಸನೆ. "ಬಸ್‌ಸ್ಟ್ಯಾಂಡಿನ ಮೂತ್ರಿ ಇದ್ದಂಗಂತ್ರಿ ಕಾಕಾ" ಅಂತ ವಿವರಣೆ ಬೇರೆ. ಕೈಯಲ್ಲಿದ್ದ ಬದನೆಕಾಯಿ ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಇಳಿಯಲಿಲ್ಲ.

ಮುಂದಿನದು ಸ್ವೀಡನ್ನಿನ ಸುರ್‌ಸ್ಟ್ರೋಮಿಂಗ್. ಬಾಲ್ಟಿಕ್ ಸಮುದ್ರದ ಹೆರಿಂಗ್ ಮೀನನ್ನ ಹುಳಿ ಬರಿಸಿ ಡಬ್ಬಿಗೆ ತುಂಬ್ತಾರೆ. ಒಳಗೂ ಅದು ಹುಳೀತಾನೇ ಇರುತ್ತೆ, ಗ್ಯಾಸ್ ತುಂಬಿ ಡಬ್ಬಿ ಉಬ್ಬುತ್ತೆ. ಸಿಡಿದೀತು ಅಂತ 2006ರಲ್ಲಿ ಏರ್ ಫ್ರಾನ್ಸ್, ಬ್ರಿಟಿಷ್ ಏರ್‌ವೇಸ್‌ನವರು ಅದನ್ನ ವಿಮಾನಕ್ಕೇ ಹತ್ತಿಸಲ್ಲ ಅಂದರು. ಒಲೆ ಮುಂದಿದ್ದ ಅವ್ವ ಕತ್ತೆತ್ತಿ, "ಡಬ್ಬಿ ಉಬ್ಬಿದ್ರ ತಿಪ್ಪಿಗೆ ಒಗೀತಾರ. ಉಬ್ಬಬೇಕಾಗಿದ್ದು ರೊಟ್ಟಿ" ಅಂದು, ಹಂಚಿನ ಮೇಲಿನದನ್ನ ಮಗುಚಿದಳು.

ಇಷ್ಟೆಲ್ಲ ನೋಡೋ ಮಹಾಶಯ ತಿನ್ನೋದೇನು? ಪುಂಡಿಪಲ್ಯ ಹುಳಿ ಅಂತ ಸರಿಸ್ತಾನೆ. ಕಟಕ್ ರೊಟ್ಟಿ ಗಟ್ಟಿ ಅಂತಾನೆ. ಮಿರ್ಚಿ ಮಾತ್ರ ತಟ್ಟೆ ತುಂಬ ಬೇಕು. ಮೇಲಾಗಿ, "ನಮ್ಮ ಊಟದಾಗ ವಿಚಿತ್ರ ಅನ್ನೋದು ಏನೂ ಇಲ್ಲ ಬಿಡ್ರಿ" ಅಂತ ತೀರ್ಪು. ಅಲ್ಲಪ್ಪಾ, ಮೇ ತಿಂಗಳ ಬಿಸಿಲಲ್ಲಿ ಬೆವರು ಒರೆಸ್ಕೊಂಡು, ಕುದಿಯೋ ಎಣ್ಣೆಯಿಂದ ಆಗಷ್ಟೇ ಎತ್ತಿದ ಮಿರ್ಚಿ, ಜೊತೆಗೊಂದು ಪ್ಲೇಟ್ ಮಂಡಕ್ಕಿ ಒಗ್ಗರಣಿ, ಮೇಲೆ ಬಿಸಿ ಬಿಸಿ ಚಹಾ. ಇದನ್ನ ಐಸ್‌ಲ್ಯಾಂಡಿನವರು ನೋಡಿದ್ರೆ ವಿಡಿಯೋ ಮಾಡಲ್ವಾ?

ಆ ತಟ್ಟೆಯಲ್ಲಿ ನಮ್ಮದೆಷ್ಟು ಅನ್ನೋದನ್ನೂ ಅವನಿಗೆ ಹೇಳಿದೆ. ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದವು. ಜೋಳ ಮೊದಲು ಬೆಳೆದಿದ್ದು ಈಶಾನ್ಯ ಆಫ್ರಿಕಾದಲ್ಲಿ. ಚಟ್ನಿಯ ಗುರೆಳ್ಳು ಇಥಿಯೋಪಿಯಾದ್ದು. ಬದನೆಕಾಯಿ ಏನೋ ನಮ್ಮ ಏಷ್ಯಾದ್ದು, ಅದನ್ನ ಇವನು ಮುಟ್ಟಲ್ಲ.

ಕಟಕ್ ರೊಟ್ಟಿ ಕಡಿಯೋಕೆ ಅವ್ವನಿಗೂ ಈಗ ಹಲ್ಲಿಲ್ಲ. ಮಜ್ಜಿಗೆಯಲ್ಲಿ ನೆನೆಹಾಕಿ, ಮೆತ್ತಗಾಗೋ ತನಕ ಕಾಯ್ತಾಳೆ. ಆದರೂ ಮೊಮ್ಮಗ ಹಾಸ್ಟೆಲಿಗೆ ಒಯ್ಯಲಿ ಅಂತ ಬಡಿದು, ಒಣಗಿಸಿ, ಬುಟ್ಟಿ ತುಂಬಿಸಿಟ್ಟಿದ್ದಾಳೆ. ಮೇಲೊಂದು ಬಿಳಿ ಬಟ್ಟೆ ಮುಚ್ಚಿದ್ದಾಳೆ. ಅವನು ಒಯ್ಯೋದು ಅನುಮಾನವೇ. ಅವ್ವನಿಗೂ ಗೊತ್ತಿದೆ ಅನ್ಸುತ್ತೆ.

ಇಥಿಯೋಪಿಯಾ ಅಂದಿದ್ದೇ ತಡ, ಇವನು ಇಂಜೆರಾ ಹುಡುಕಿದ. ಟೆಫ್ ಅನ್ನೋ ಸಣ್ಣ ಕಾಳಿನ ಹಿಟ್ಟನ್ನ ದಿನಗಟ್ಟಲೆ ಹುಳಿ ಬರಿಸಿ, ದೊಡ್ಡ ಹಂಚಿನ ಮೇಲೆ ಹುಯ್ದು ಬೇಯಿಸೋದು. ಮೈತುಂಬ ತೂತು. "ಕಾಕಾ, ಇಲ್ಲಿ ನೋಡ್ರಿ" ಅನ್ನೋದರೊಳಗೆ ಅವ್ವ ಮೊಬೈಲ್ ಕಸಕೊಂಡಳು.

"ಇದು ದ್ವಾಸಿ ಅಲ್ಲೇನೋ! ಇದಕ್ಕ ಏನು ಹಚ್ಕೊಂಡು ತಿಂತಾರ?"

ಅವನಿಗೆ ಗೊತ್ತಿಲ್ಲ. ಫೋನ್ ವಾಪಸ್ ಇಸ್ಕೊಂಡು ಹುಡುಕುತ್ತಾ ಕೂತ. ಮಿರ್ಚಿ ಆರಿ ಹೋಗುತ್ತಲ್ಲ ಅಂತ ಅವನ ತಟ್ಟೆಯದನ್ನೂ ನಾನೇ ಮುಗಿಸಿದೆ.