ಸತ್ಯಾಂಶ: ಆಯಿಲ್ ಕಂಪನಿ ಹೊಸ ಎಂಜಿನ್ ಕೊಡುತ್ತದಾ?

'ಈ ಆಯಿಲ್ ಹಾಕಿಸಿದರೆ ಸಾಕು, ಎಂಜಿನ್ ಕೆಟ್ಟರೆ ಕಂಪನಿಯೇ ಹೊಸದು ಕೊಡುತ್ತದೆ' ಅನ್ನೋ ಮೆಸೇಜ್ ಆಗಾಗ ಬರುತ್ತಿರುತ್ತದೆ. ಪೂರ್ತಿ ಸುಳ್ಳೇನಲ್ಲ. ಕೆಲವು ಆಯಿಲ್ ತಯಾರಕರು ಎಂಜಿನ್ ವಾರಂಟಿ ಕೊಡುವುದು ನಿಜ. ಆದರೆ ಅದು ಸಾಮಾನ್ಯವಾಗಿ ಆಯಿಲ್‌ನಿಂದಲೇ ಆದ ಹಾನಿಗೆ ಮಾತ್ರ. ಟೈಮಿಂಗ್ ಬೆಲ್ಟ್ (ಎಂಜಿನ್ ಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ಪಟ್ಟಿ) ತುಂಡಾಯಿತು, ಎಂಜಿನ್ ತಣಿಸುವ ಕೂಲಂಟ್ ಸೋರಿ ಎಂಜಿನ್ ಕಾದು ನಿಂತಿತು ಅಂದರೆ ಅದು ಆಯಿಲ್ ತಪ್ಪಲ್ಲ, ಅಲ್ವಾ? ಆಯಿಲ್ ಮಟ್ಟ ಇಳಿದದ್ದನ್ನು ಯಾರೂ ನೋಡದೆ ಓಡಿಸಿದರೂ ಅಷ್ಟೇ. ಸರಿಯಾದ ಆಯಿಲ್ ಹಾಕಿ, ಅದರಿಂದಲೇ ಎಂಜಿನ್ ಹಾಳಾಗುವುದು ಅಪರೂಪ. ಹಾಗಾಗಿ ಈ ಭರವಸೆ ಕಂಪನಿಗೆ ಅಷ್ಟೇನೂ ಭಾರವಲ್ಲ ಅಂತ ನನ್ನ ಲೆಕ್ಕ.

ನೀವೇ ಪರೀಕ್ಷಿಸಬಹುದು. ಮೆಸೇಜ್ ಪಕ್ಕಕ್ಕಿಟ್ಟು, ಕಂಪನಿಯ ವೆಬ್‌ಸೈಟ್‌ನಲ್ಲಿ ವಾರಂಟಿಯ ಷರತ್ತುಗಳನ್ನು ತೆರೆಯಿರಿ. ಗಾಡಿಯ ವಯಸ್ಸಿಗೆ, ಓಡಿದ ಕಿಲೋಮೀಟರ್‌ಗೆ ಮಿತಿ ಇದೆಯಾ? ಮೊದಲೇ ನೋಂದಣಿ ಆಗಬೇಕಾ? ಪ್ರತಿ ಸಲದ ಬಿಲ್ ಇಟ್ಟುಕೊಂಡಿರಬೇಕಾ? ಆಮೇಲೆ ಗಾಡಿಯ ಮ್ಯಾನ್ಯುಯಲ್ ತೆಗೆದು, ಅದರಲ್ಲಿರುವ ಆಯಿಲ್ ಗ್ರೇಡ್, ಅಂದರೆ ಆಯಿಲ್ ಎಷ್ಟು ಮಂದ ಅನ್ನುವ ಗುರುತು (5ಡಬ್ಲ್ಯೂ-30 ಅಂತೇನೋ ಇರುತ್ತದೆ), ಡಬ್ಬದ ಮೇಲೂ ಇದೆಯಾ ನೋಡಿ.

ವಾರಂಟಿ ಇರಲಿ ಬಿಡಲಿ, ನಾನಂತೂ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಒರೆಸಿ ಮತ್ತೆ ಅದ್ದಿ ನೋಡುವುದನ್ನು ಬಿಟ್ಟಿಲ್ಲ. ಎರಡು ಗುರುತುಗಳ ನಡುವೆ ಆಯಿಲ್ ನಿಂತಿರಬೇಕು.