ಸಂಖ್ಯೆ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ
ಆಹಾರ ಕಡಿಮೆಯಾದಂತೆ ಜೀವಿಗಳ ಸಂಖ್ಯೆ ನಿಧಾನವಾಗಿ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ ಅಂತ ಬರೆದಿದ್ದೀರಿ. ಸೀಸೆಯೊಳಗೆ ಬೆಳೆಸಿದ ಯೀಸ್ಟ್‌ಗೆ (ಹಿಟ್ಟು ಹುದುಗಿಸುವ ಸೂಕ್ಷ್ಮಜೀವಿ) ಇದು ಸರಿ (ಅಲ್ಲೂ ಅದೇ ಬಿಟ್ಟ ಮದ್ಯಸಾರ ಅದಕ್ಕೇ ಮುಳುವಾಗುತ್ತದೆ). ಆದರೆ ಅಲಾಸ್ಕಾದ ಸೇಂಟ್ ಮ್ಯಾಥ್ಯೂ ದ್ವೀಪದ ಕಥೆ ನೋಡಿ. 1944ರಲ್ಲಿ ಅಲ್ಲಿಗೆ 29 ಹಿಮಸಾರಂಗಗಳನ್ನು ತಂದು ಬಿಟ್ಟರು. ತಿನ್ನಲು ಬೇಕಾದಷ್ಟು ಕಲ್ಲುಹೂವು (ನೆಲ, ಬಂಡೆಗಳ ಮೇಲೆ ಹಬ್ಬುವ ಲೈಕನ್). ಹಿಡಿದು ತಿನ್ನಲು ಒಂದು ತೋಳವೂ ಇಲ್ಲ. 1963ರ ಹೊತ್ತಿಗೆ ಸುಮಾರು 6,000! ಕಲ್ಲುಹೂವು ಬೆಳೆಯೋದು ಆಮೆ ವೇಗದಲ್ಲಿ, ಮೇಯ್ದು ಮುಗಿಸಲು ಎಷ್ಟು ಹೊತ್ತು ಬೇಕು, ಅಲ್ವಾ? ಆಮೇಲೆ ಒಂದು ಕೆಟ್ಟ ಚಳಿಗಾಲ ಬಂತು. 1966ರಲ್ಲಿ ಎಣಿಸಿದಾಗ ಉಳಿದಿದ್ದು ಬರೀ 42. ಅದರಲ್ಲಿ ಗಂಡು ಒಂದೇ, ಅದರ ಕೊಂಬೂ ಸರಿಯಾಗಿ ಬೆಳೆದಿರಲಿಲ್ಲ. ಮರಿಯಂತೂ ಒಂದೂ ಇರಲಿಲ್ಲ.