ಸ್ಟೋರಿ ಪಾಯಿಂಟ್ ನೋಡಿ ಬಡ್ತಿ ಕೊಡ್ತಾರಂತೆ!

ಸಾಫ್ಟ್‌ವೇರ್ ತಂಡಗಳಲ್ಲಿ ಪ್ರತಿ ಕೆಲಸಕ್ಕೂ ಹಾಕೋ ಸ್ಟೋರಿ ಪಾಯಿಂಟ್ ಅನ್ನೋ ಅಂಕಿ ಬರೀ ಅಂದಾಜು. ಒಂದು ಕೆಲಸ ಇನ್ನೊಂದಕ್ಕಿಂತ ಎಷ್ಟು ದೊಡ್ಡದು ಅಂತ ತಂಡದವರು ತಮ್ಮತಮ್ಮೊಳಗೆ ಮಾತಾಡಿಕೊಳ್ಳೋಕೆ ಇರೋದು. ಅದನ್ನೇ ಅಪ್ರೈಸಲ್‌ನಲ್ಲಿ ಮುಂದಿಟ್ಟು ‘ಈ ಸಲ ನಿಮ್ಮ ಪಾಯಿಂಟ್ ಕಡಿಮೆ’ ಅಂದರೆ ಹೊಟ್ಟೆ ಉರಿಯುತ್ತೆ.

ಹೊಸದಾಗಿ ಸೇರಿದವರ ಪಕ್ಕ ಕೂತು ಕೋಡ್ ಅರ್ಥ ಮಾಡಿಸಿದ್ದಕ್ಕೆ ಪಾಯಿಂಟ್ ಇಲ್ಲ. ಬೇರೆಯವರ ಕೋಡ್ ರಿವ್ಯೂ ಮಾಡುವಾಗ ದೊಡ್ಡ ಬಗ್ ಹಿಡಿದು, ಅದು ಪ್ರೊಡಕ್ಷನ್‌ಗೆ, ಅಂದರೆ ಜನ ಬಳಸೋ ಸಿಸ್ಟಮ್‌ಗೆ, ಹೋಗದ ಹಾಗೆ ತಡೆದದ್ದಕ್ಕೂ ಇಲ್ಲ. ಯಾವಾಗಲೋ ಬರೆದು ಬಿಟ್ಟಿದ್ದ, ಒಮ್ಮೆ ಪಾಸ್ ಆಗಿ ಒಮ್ಮೆ ಫೇಲ್ ಆಗೋ ಟೆಸ್ಟ್‌ಗಳನ್ನು ಸರಿ ಮಾಡಿದ್ದು ಕೆಲಸ ಬರೆದಿಡೋ ಯಾವ ಟಿಕೆಟ್‌ನಲ್ಲೂ ಕಾಣಲ್ಲ. ಸೀನಿಯರ್ ಡೆವಲಪರ್ ಮಾಡಬೇಕಾದ ಕೆಲಸ ಇದೇ ತಾನೇ?

ಆಮೇಲೆ ಆಗೋದೇನು? ಮೂರು ಪಾಯಿಂಟ್‌ನ ಕೆಲಸಕ್ಕೆ ಎಂಟು ಬರೆಯುತ್ತಾರೆ. ಪಕ್ಕದವರು ಸಿಕ್ಕಿಹಾಕಿಕೊಂಡಿದ್ದರೂ ಯಾರೂ ಸಹಾಯಕ್ಕೆ ಎದ್ದು ಹೋಗಲ್ಲ. ಹೀಗೆ ಮಾಡೋರನ್ನು ದೂರೋಕೂ ಮನಸ್ಸು ಬರಲ್ಲ.

ಇಂಥ ತಂಡಗಳು ಅನುಸರಿಸೋ ಸ್ಕ್ರಮ್ ಅನ್ನೋ ಕೆಲಸದ ವಿಧಾನದ ಅಧಿಕೃತ ಕೈಪಿಡಿ ಸ್ಕ್ರಮ್ ಗೈಡ್‌ನಲ್ಲಿ ಸ್ಟೋರಿ ಪಾಯಿಂಟ್ ಪ್ರಸ್ತಾಪವೇ ಇಲ್ಲ. 2001ರಲ್ಲಿ 17 ಜನ ಸೇರಿ ಹೊರತಂದ, ಇಂಥ ವಿಧಾನಗಳ ಮೂಲ ತತ್ವಗಳನ್ನು ಹೇಳೋ ಅಜೈಲ್ ಪ್ರಣಾಳಿಕೆಯಂತೂ, ಪ್ರಕ್ರಿಯೆ ಮತ್ತು ಟೂಲ್‌ಗಳಿಗಿಂತ ವ್ಯಕ್ತಿಗಳು, ಅವರ ಒಡನಾಟ ಮುಖ್ಯ ಅನ್ನೋದನ್ನೇ ಮೊದಲು ಹೇಳುತ್ತೆ. ಬಡ್ತಿ ಕೊಡೋ ಮುಂಚೆ ಟಿಕೆಟ್, ಪಾಯಿಂಟ್ ತೋರಿಸೋ ಬೋರ್ಡ್ ನೋಡಬೇಡಿ, ನನ್ನ ಜೊತೆ ಕೆಲಸ ಮಾಡಿದವರನ್ನು ಕೇಳಿ.